ರೀಟಾಗೆ ಕಲಿಸಿದ ಕೂಗು

ಪೊಲೀಸ್ ಆಗುವ ಮೊದಲು ನೀನು ಏನು ಕೆಲಸ ಮಾಡುತ್ತಿದ್ದೆ ಎಂದು ಸರಕಾರ ನನ್ನನ್ನು ಕೇಳಿದ್ದು ಒಂದೇ ಸಲ. ನಾನು ಸುಳ್ಳು ಹೇಳಿದೆ. ಆ ಸುಳ್ಳು ಆರು ವರ್ಷ ನನ್ನನ್ನು ಚೆನ್ನಾಗಿಯೇ ನೋಡಿಕೊಂಡಿತು.

೧೯೬೮ರಲ್ಲಿ, ನಮ್ಮ ರಾಜ್ಯಕ್ಕೆ ಇನ್ನೂ ಮೈಸೂರು ಎಂದೇ ಹೆಸರಿದ್ದಾಗ, ನಾಯಿ ಪಳಗಿಸುವುದನ್ನು ಕಲಿಯಲು ಬೇರೆ ಬೇರೆ ಜಿಲ್ಲೆಗಳಿಂದ ಏಳು ಜನ ಕಾನ್‌ಸ್ಟೇಬಲ್‌ಗಳನ್ನು ಬೆಂಗಳೂರಿಗೆ ಕಳಿಸಿದರು. ವಿಜಾಪುರದಿಂದ ಹೋದವನು ನಾನು, ಬಬಲೇಶ್ವರದ ಸಿದ್ದರಾಯ. ಮೊದಲ ದಿನವೇ ಉಸ್ತಾದರು ನಮ್ಮನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಹಿಂದಿನ ಕಸುಬು ಕೇಳಿ ಬರೆದುಕೊಂಡರು. ಒಬ್ಬ ಸರ್ಕಸ್ಸಿನಲ್ಲಿ ಕುದುರೆಗಳ ಮೈ ತಿಕ್ಕುತ್ತಿದ್ದವನು. ಒಬ್ಬನ ಅಪ್ಪ ಯಾರೋ ಇನಾಮದಾರರ ಬೇಟೆನಾಯಿಗಳನ್ನು ನೋಡಿಕೊಳ್ಳುತ್ತಿದ್ದನಂತೆ, ಇವನೂ ಅವುಗಳ ಜೊತೆಗೇ ಬೆಳೆದವನು. ಇನ್ನೊಬ್ಬ ಮಿಲಿಟರಿಯಲ್ಲಿ ಹೇಸರಗತ್ತೆ ಹೊಡೆದವನು. ಅಷ್ಟರಲ್ಲಿ ಸಾಲಿನಲ್ಲಿ ಎಡಬಲ ತಪ್ಪಿ ನಿಂತ ಒಬ್ಬನಿಗೆ ಉಸ್ತಾದರು "ಕುರಿ" ಎಂದು ಬೈದರು, ಎಲ್ಲರೂ ನಕ್ಕರು. ನನ್ನ ಸರದಿ ಅದರ ನಂತರ ಬಂತು. ಇಪ್ಪತ್ತು ವರ್ಷದವನಾಗುವ ತನಕ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಕುರಿ ಕಾದದ್ದು ಬಿಟ್ಟರೆ ನನಗೆ ಬೇರೆ ಕಸುಬೇ ಗೊತ್ತಿರಲಿಲ್ಲ. "ಒಕ್ಕಲುತನ" ಎಂದೆ. ಬರೆದುಕೊಂಡರು.

ನನ್ನ ಪಾಲಿಗೆ ಬಂದವಳು ರೀಟಾ. ಮೂರು ತಿಂಗಳ ಡಾಬರ್‌ಮನ್ ಮರಿ, ಕಪ್ಪು ಮೈ, ಹುಬ್ಬಿನ ಜಾಗದಲ್ಲಿ ಎರಡು ಕಂದು ಚುಕ್ಕೆ. ಅಲ್ಲಿಯ ಹುಕುಮೆಲ್ಲ ಇಂಗ್ಲಿಷಿನಲ್ಲಿ. ಸಿಟ್, ಸ್ಟೇ, ಕಮ್. ನಾನು ಆ ಮಾತು ಆಡಿದರೆ ರೀಟಾ ನನ್ನ ಮುಖ ನೋಡಿ ಆಕಳಿಸುತ್ತಿದ್ದಳು. ಹದಿನೈದು ದಿನವಾದರೂ ಕೂರೆಂದರೆ ಕೂರಲಿಲ್ಲ, ಕರೆದರೆ ಬರಲಿಲ್ಲ. ಇವನನ್ನು ಊರಿಗೆ ಕಳಿಸುವುದೇ ಸರಿ ಎಂದು ಉಸ್ತಾದರು ಮಾತಾಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ಅವತ್ತು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಾಯಿಮನೆಯ ಹಿಂದೆ ನಿಂತು, ತಲೆ ಕೆಟ್ಟು, ನಮ್ಮ ಮನೆಯ ಕೂಗು ಕೂಗಿಬಿಟ್ಟೆ. ರೀಟಾ ಓಡಿಬಂದು ನನ್ನ ಬೂಟಿನ ಮೇಲೆ ಕುಳಿತಳು.

ಆ ಕೂಗಿನ ವಿಷಯ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಬೇಸಿಗೆಯಲ್ಲಿ ಹಳ್ಳದ ಒಂದೇ ಮಡುವಿಗೆ ನಾಲ್ಕೈದು ಹಿಂಡು ನೀರಿಗೆ ಇಳಿದು ಬೆರೆತುಹೋಗುತ್ತವೆ. ಬಿಡಿಸಲು ಯಾರೂ ಕೋಲು ಎತ್ತುವುದಿಲ್ಲ. ಒಬ್ಬ ಆ ದಂಡೆಯಲ್ಲಿ ಒಬ್ಬ ಈ ದಂಡೆಯಲ್ಲಿ ನಿಂತು ತಮ್ಮ ತಮ್ಮ ಕೂಗು ಕೂಗಿದರೆ ಕುರಿಗಳು ತಾವೇ ಸರಿದು ತಮ್ಮವನ ಕಡೆ ನಡೆಯುತ್ತವೆ. ಮನೆಗೊಂದು ಕೂಗು. ನಮ್ಮದು ನಾಲಗೆಯನ್ನು ಅಂಗುಳಕ್ಕೆ ಎರಡು ಸಲ ಬಡಿದು, ಆಮೇಲೆ ತುಟಿ ನಡುಗಿಸಿ ಎಳೆಯುವ ಒಂದು ಸದ್ದು, ಬರೆಯಲು ಬರುವುದಿಲ್ಲ. ಅದನ್ನು ಹೊರಗಿನವರಿಗೆ ಕಲಿಸಬಾರದು, ಕಲಿಸಿದರೆ ಹಿಂಡನ್ನೇ ಅವರ ಕೈಗೆ ಕೊಟ್ಟಂತೆ ಎಂದು ಅಪ್ಪ ನಮಗಿಬ್ಬರು ಮಕ್ಕಳಿಗೂ ತಾಕೀತು ಮಾಡಿದ್ದ.

ಅವತ್ತಿನಿಂದ ನಾನು ಮೊದಲು ಮೆಲ್ಲಗೆ ಬಾಯೊಳಗೆ ಸದ್ದು ಮಾಡಿ, ಅದರ ಬೆನ್ನಿಗೇ ಜೋರಾಗಿ "ಕಮ್" ಎನ್ನುತ್ತಿದ್ದೆ. ಕೂರಿಸಲು, ನಿಲ್ಲಿಸಲು, ವಾಸನೆಗೆ ಹಚ್ಚಲು, ಎಲ್ಲಕ್ಕೂ ಹಿಂಡಿನ ಸದ್ದುಗಳೇ. ಇಂಗ್ಲಿಷು ಬರೀ ತೋರಿಕೆಗೆ. ನಾಯಿಯ ಕಿವಿ ಚುರುಕು, ಸಾಹೇಬರ ಕಿವಿ ಅಷ್ಟು ಚುರುಕಿಲ್ಲ. ಪರೀಕ್ಷೆಯಲ್ಲಿ ಏಳು ಜೋಡಿಗಳಲ್ಲಿ ನಾವೇ ಮೊದಲು ಬಂದೆವು. ಒಕ್ಕಲುತನದವರಿಗೆ ಇಂಗ್ಲಿಷು ಇಷ್ಟು ಬೇಗ ಹತ್ತುತ್ತದೆಂದು ಗೊತ್ತಿರಲಿಲ್ಲ ಎಂದು ಉಸ್ತಾದರು ನನ್ನ ಬೆನ್ನು ತಟ್ಟಿದರು.

ವಿಜಾಪುರಕ್ಕೆ ಬಂದ ಮೇಲೆ ನಮ್ಮದೇ ದರಬಾರು. ಸೊಲ್ಲಾಪುರ ರಸ್ತೆಯ ಗ್ಯಾರೇಜಿನಲ್ಲಿ ಕದ್ದ ಪಂಪಿನ ಸಾಮಾನುಗಳನ್ನು ರೀಟಾ ಜೋರಾಪುರ ಪೇಟೆಯ ಒಂದು ಹಾಳು ಹಗೇವಿನಲ್ಲಿ ಹುಡುಕಿ ಕೊಟ್ಟಳು. ಹಿಂದೊಮ್ಮೆ ಜೋಳ ತುಂಬುತ್ತಿದ್ದ ಆ ನೆಲದೊಳಗಿನ ಗುಂಡಿಯಲ್ಲಿ ಕಳ್ಳನೂ ಸಾಮಾನಿನ ಜೊತೆಗೇ ಮಲಗಿದ್ದ. ಆಮೇಲೆ ಜನ ನನ್ನನ್ನು ಹೆಸರು ಹಿಡಿದು ಗುರುತಿಸತೊಡಗಿದರು. ಬೇರೆ ಪೊಲೀಸರು ಆಸೆಗೆ ಮಾಂಸದ ತುಂಡು ಹಿಡಿದು ರೀಟಾಳನ್ನು ಕರೆದು ನೋಡುತ್ತಿದ್ದರು. ಅವಳು ಅವರ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನಾನು ಮೀಸೆ ತಿರುವಿಕೊಂಡು ಪಕ್ಕದಲ್ಲಿ ನಿಂತಿರುತ್ತಿದ್ದೆ. ನನ್ನ ಹೆಂಡತಿ ಮಲಕವ್ವ ನಾನು ಬೆಂಗಳೂರಿಗೆ ಹೋಗುವ ಎರಡು ವರ್ಷ ಮೊದಲೇ ಹೆರಿಗೆಯಲ್ಲಿ ತೀರಿಕೊಂಡಿದ್ದಳು, ಕೂಸೂ ಉಳಿಯಲಿಲ್ಲ. ಇನ್ನೊಂದು ಮದುವೆಯ ಮಾತು ಬಂದಾಗಲೆಲ್ಲ ಸಿಟ್ಟು ಮಾಡಿ ಎದ್ದುಹೋಗಿದ್ದೆ. ದಿನಕ್ಕೆ ನಾನು ಆಡುವ ಮಾತಿನಲ್ಲಿ ಮುಕ್ಕಾಲು ಪಾಲು ರೀಟಾಳ ಜೊತೆಗೇ ಆಗುತ್ತಿತ್ತು. ಈ ಭೂಮಿಯ ಮೇಲೆ ಒಂದು ಜೀವವಾದರೂ ನನ್ನನ್ನು ಬಿಟ್ಟು ಬೇರೆಯವರ ಮಾತು ಕೇಳುವುದಿಲ್ಲ ಎಂಬುದು ನನಗೆ ಅನ್ನಕ್ಕಿಂತ ಹೆಚ್ಚಾಗಿತ್ತು.

೧೯೭೪ರಲ್ಲಿ ತೊರವಿಯ ಹತ್ತಿರ ಒಬ್ಬ ಕಳ್ಳನ ಜಾಡು ಹಿಡಿದು ಓಡುವಾಗ ಕಲ್ಲಿನ ಗಣಿಗೆ ಬಿದ್ದೆ. ಮಂಡಿ ಚೂರಾಯಿತು. ಮೂರು ತಿಂಗಳು ಆಸ್ಪತ್ರೆಯಲ್ಲಿ ಬಿದ್ದುಕೊಂಡಿದ್ದು ಎದ್ದು ಬಂದರೆ, ಇವನು ಇನ್ನು ಓಡುವಂತಿಲ್ಲ, ನಿಂತು ಮಾಡುವ ಕೆಲಸ ಕೊಡಿ ಎಂದು ಡಾಕ್ಟರು ಬರೆದಿದ್ದರು. ನನ್ನನ್ನು ಖಜಾನೆಯ ಪಹರೆಗೆ ಹಾಕಿದರು. ಖಜಾನೆಗೂ ನಾಯಿಮನೆಗೂ ನಡುವೆ ಒಂದು ಗೋಡೆ, ನೂರು ಹೆಜ್ಜೆ ಬಯಲು. ರೀಟಾಳನ್ನು ಟಿಕೋಟದ ಅಬ್ದುಲಗನಿ ಎಂಬವನಿಗೆ ಒಪ್ಪಿಸಿದರು. ಎಪ್ಪತ್ತೊಂದರ ಯುದ್ಧ ಮುಗಿಸಿ ಮಿಲಿಟರಿ ಬಿಟ್ಟು ಬಂದವನು, ಅಲ್ಲಿಯೂ ನಾಯಿ ನೋಡಿಕೊಳ್ಳುವ ಕೆಲಸವನ್ನೇ ಮಾಡಿದವನು, ನನಗಿಂತ ಹದಿನಾಲ್ಕು ವರ್ಷ ಚಿಕ್ಕವನು. ಹೊಸಬನಿಗೆ ನಾಯಿ ಹೊಂದುವ ತನಕ ನೀನು ಆ ಕಡೆ ಸುಳಿಯಬೇಡ ಎಂದು ಇನ್‌ಸ್ಪೆಕ್ಟರ್ ಸಾಹೇಬರು ನನಗೆ ಹುಕುಂ ಮಾಡಿದರು.

ಗೋಡೆಯ ಆಚೆ ಗನಿ ದಿನವೆಲ್ಲ ಒದರುವುದು ಕೇಳುತ್ತಿತ್ತು. ಸಿಟ್. ಸ್ಟೇ. ಕಮ್. ಮಿಲಿಟರಿ ಗಂಟಲು, ಪಾರಿವಾಳಗಳು ಹಾರಿಹೋಗುವಂಥದು. ರೀಟಾ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ ಎಂದು ಬೇರೆ ಪೊಲೀಸರು ಬಂದು ಹೇಳುತ್ತಿದ್ದರು. ನಿಜ ಹೇಳುತ್ತೇನೆ, ಅದನ್ನು ಕೇಳಿ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಇನ್ನೊಂದಿಷ್ಟು ದಿನ ಒದರಲಿ, ಆಮೇಲೆ ಅವರೇ ಬಂದು, ಕುಂಟನಾದರೂ ನೀನೇ ಬಾ ಎಂದು ಕರೆಯುತ್ತಾರೆ ಎಂದುಕೊಂಡಿದ್ದೆ.

ಇಪ್ಪತ್ತನೆಯ ದಿನ ಸಾಹೇಬರು ಕರೆಸಿದರು, ಆದರೆ ನಾನು ಅಂದುಕೊಂಡ ಮಾತಿಗಲ್ಲ. ಇನ್ನು ಹತ್ತು ದಿನದಲ್ಲಿ ರೀಟಾ ಗನಿಯ ಹುಕುಂ ಕೇಳಬೇಕು, ಕೇಳದಿದ್ದರೆ ಕೆಲಸಕ್ಕೆ ಬಾರದ ನಾಯಿ ಎಂದು ಬರೆದು ದನದ ಡಾಕ್ಟರಿಂದ ಸೂಜಿ ಹಾಕಿಸಿ ಮುಗಿಸಿಬಿಡುವುದು, ಬೆಂಗಳೂರಿನಿಂದ ಹೊಸ ಮರಿ ತರಿಸುವುದು ಎಂದು ಮೇಲಿನಿಂದ ಕಾಗದ ಬಂದಿತ್ತು. ಗನಿಗೆ ಏನಾದರೂ ಹೇಳಿಕೊಡುವುದಿದ್ದರೆ ಹೇಳಿಕೊಡು ಎಂದರು. ಅವಳನ್ನು ನನಗೇ ಕೊಟ್ಟುಬಿಡಿ, ನನ್ನ ಕೋಣೆಯಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ಕಾಲು ಹಿಡಿಯುವುದೊಂದು ಬಿಟ್ಟು ಎಲ್ಲ ರೀತಿಯಲ್ಲಿ ಕೇಳಿದೆ. ಕಚ್ಚುವುದನ್ನು ಕಲಿಸಿದ ಸರಕಾರಿ ನಾಯಿ ಅದು, ಮನೆಗೆ ಕೊಡುವ ಕಾನೂನಿಲ್ಲ ಎಂದರು. ಕೆಟ್ಟ ಮನುಷ್ಯನಲ್ಲ ಅವರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅದೇ ಮಧ್ಯಾಹ್ನ ಗನಿ ಖಜಾನೆಯ ಕಟ್ಟೆಗೆ ಬಂದು ನನ್ನ ಪಕ್ಕ ಕುಳಿತ. ಗಂಟಲು ಒಡೆದು ಧ್ವನಿ ಗೊಗ್ಗರಾಗಿತ್ತು.

"ಕಾಕಾ, ಸಿಟ್ಟ ಆಗಬ್ಯಾಡ್ರಿ, ಒಂದ ಮಾತ ಕೇಳತೇನಿ. ಪೊಲೀಸ ಆಗೂ ಮೊದಲ ನೀವು ಏನ ಮಾಡ್ತಿದ್ರಿ?"

"ಒಕ್ಕಲತನ," ಎಂದೆ.

"ಅಲ್ರಿ. ನಿನ್ನೆ ತೊರವಿ ಹಾದಿಲೇ ಒಂದ ಕುರಿ ಹಿಂಡ ಹೊಂಟಿತ್ತು. ಕುರಿಯವ ಬಾಯಾಗ ಏನೋ ಸಪ್ಪಳ ಮಾಡಿದ. ಈಕಿ ಉಣ್ಣೂದ ಬಿಟ್ಟು ಎದ್ದ ನಿಂತ್ಲು. ಇಪ್ಪತ್ತ ದಿನ ಆತು ನಾ ಒದರಾಕತ್ತೇನಿ, ನನ್ನ ದನಿಗಿ ಒಮ್ಮೆನೂ ಹಂಗ ಕಿವಿ ನಿಗರಿಸಿಲ್ಲ."

ನನಗೆ ಮೈ ಉರಿಯಿತು. ಯುದ್ಧ ಗೆದ್ದು ಬಂದವನಿಗೆ ಒಂದು ನಾಯಿ ಗೆಲ್ಲಲು ಆಗುವುದಿಲ್ಲವೇ, ಅಷ್ಟು ವರ್ಷ ಅಲ್ಲಿ ಏನು ಕಲಿತೆ ಎಂದು ಬಾಯಿಗೆ ಬಂದಂತೆ ಅಂದೆ. ಅವನು ಎದ್ದು ಹೋಗಲಿಲ್ಲ. ಮಿಲಿಟರಿಯಲ್ಲಿ ತನಗೂ ಒಂದು ನಾಯಿ ಇತ್ತು, ಐದು ವರ್ಷ ಒಂದೇ ಡೇರೆಯಲ್ಲಿ ಮಲಗಿದ್ದೆವು, ನೌಕರಿ ಬಿಡುವಾಗ ಮುಂದಿನವನ ಕೈಗೆ ಅದರ ಚೈನು ಕೊಟ್ಟು ಕಾಗದಕ್ಕೆ ಸಹಿ ಹಾಕಿ ರೈಲು ಹತ್ತಿದೆ ಎಂದು ನೆಲ ನೋಡುತ್ತ ಹೇಳಿದ. ಅಲ್ಲಿ ಎಲ್ಲ ನಾಯಿಗಳೂ ಒಂದೇ ಹುಕುಮಿಗೆ ಪಳಗಿರುತ್ತವೆ, ಹಾಗಾಗಿ ಅದು ಬದುಕಿತು ಎಂದ.

"ನೀವು ಬಾಳ ಜೀಂವ ಮಾಡಿ ಕಲಿಸೀರಿ ಕಾಕಾ. ಆದ್ರ ನಿಮ್ಮೊಬ್ಬರ ಮಾತಷ್ಟ ಕೇಳೂ ಹಂಗ ಕಲಿಸೀರಿ. ಈಗ ಅದಕ್ಕ ಈಕಿ ಸಾಯಾಕತ್ತಾಳ."

ಅವನು ಎದ್ದು ಹೋದ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಬೆಂಗಳೂರಿನಲ್ಲಿ ನಾಚಿಕೆಗೆ ಶುರು ಮಾಡಿದ್ದನ್ನು ಇಲ್ಲಿ ಜಂಬಕ್ಕೆ ಮುಂದುವರಿಸಿದ್ದೆ. ಇಂಗ್ಲಿಷು ಕಲಿಸಲು ಆರು ವರ್ಷವಿತ್ತು. ಬೇಕೆಂದೇ ಕಲಿಸಲಿಲ್ಲ.

ಮರುದಿನ ಒಂದು ವಾರದ ರಜೆ ಹಾಕಿ ಬಬಲೇಶ್ವರದ ಬಸ್ಸು ಹತ್ತಿದೆ. ಕೂಗು ನನ್ನೊಬ್ಬನ ಸ್ವತ್ತಲ್ಲ, ಮನೆಯದು. ಅಪ್ಪನ ನಂತರ ಅದಕ್ಕೆ ಹಿರಿಯ ನನ್ನ ಅಣ್ಣ ಸಂಗಣ್ಣ. ಇವತ್ತಿಗೂ ನೂರಿಪ್ಪತ್ತು ಕುರಿ ಕಾಯುವವನು. ಊರ ಹೊರಗೆ ಒಬ್ಬರ ಹೊಲದಲ್ಲಿ, ಗೊಬ್ಬರಕ್ಕೆಂದು ಹಿಂಡು ನಿಲ್ಲಿಸಿಕೊಂಡಿದ್ದ. ಎಲ್ಲ ಹೇಳಿದೆ. ಕುರಿ ಕಾದವನೆಂದು ಹೇಳಲು ನಾಚಿಕೊಂಡದ್ದನ್ನೂ ಹೇಳಿದೆ. ಅವನು ಬಯ್ಯುತ್ತಾನೆಂದು ಕಾದೆ. ಅಪ್ಪನ ಕೂಗನ್ನು ನಾಯಿಗೆ ಹಾಕಿದೆಯಾ ಎಂದು ಒಂದು ಸಲ ಕೇಳಿ, ಕಂಬಳಿಯ ಮೇಲಿನ ಮುಳ್ಳು ಕೀಳತೊಡಗಿದ. ಅದು ಬೈಗುಳಕ್ಕಿಂತ ಹೆಚ್ಚಾಗಿ ನಾಟಿತು.

ಕೊನೆಗೆ ಅವನು ಹೇಳಿದ: "ನೋಡ ಸಿದ್ಯಾ, ಕುರಿ ಮಾರಿದಾವ ಆಮ್ಯಾಲ ಅದರ ಕಿವಿಗಿ ಬೀಳೂ ಹಂಗ ಕೂಗಬಾರದು. ಕೂಗಿದ್ರ ಅದು ಕೊಂಡವನ ಮನ್ಯಾಗೂ ನಿಲ್ಲೂದಿಲ್ಲ, ನಮ್ಮ ಮನಿಗೂ ಮುಟ್ಟೂದಿಲ್ಲ, ನಡುವ ಹಾದ್ಯಾಗ ಸಾಯತೈತಿ. ಕೊಡೂದಿದ್ರ ಪೂರಾ ಕೊಡು. ಕೊಟ್ಟಮ್ಯಾಲ ಆ ಕೂಗು ನಿಂದಲ್ಲ."

ಅಲ್ಲಿಂದ ನೇರವಾಗಿ ಟಿಕೋಟಕ್ಕೆ ಹೋದೆ. ವಿಜಾಪುರದಲ್ಲಿ ಎಲ್ಲರ ಕಣ್ಣೆದುರು ಕಲಿಸಲು ನನಗೆ ಮನಸ್ಸಿರಲಿಲ್ಲ, ಅಣ್ಣ ಒಪ್ಪಿದರೆ ನಿನ್ನ ಊರಿಗೇ ಬರುತ್ತೇನೆ ಎಂದು ಬಸ್ಸು ಹತ್ತುವ ಮೊದಲೇ ಗನಿಗೆ ಹೇಳಿದ್ದೆ. ಬಯಲಿನಲ್ಲಿ ಜಾಡು ಹಿಡಿಯುವ ಅಭ್ಯಾಸ ಎಂದು ಬರೆಸಿ ರೀಟಾಳನ್ನು ತನ್ನ ಊರಿಗೆ ಕರೆತಂದಿದ್ದ. ಅವನ ಹೊಲದ ಕಲ್ಲಿನ ಒಡ್ಡಿನ ಹಿಂದೆ, ರೀಟಾಗೆ ನನ್ನ ವಾಸನೆ ಹತ್ತದಂತೆ ಗಾಳಿ ಅವಳ ಕಡೆಯಿಂದ ಬೀಸುವ ಜಾಗದಲ್ಲಿ ಕೂತು, ಮೊದಲು ಅವನಿಗೆ ಸದ್ದು ಕಲಿಸಿದೆ. ಒದರಿ ಒದರಿ ದಪ್ಪಗಾದ ನಾಲಗೆ ಅದು. ಎರಡು ಬಡಿತ ಬಂದರೆ ತುಟಿ ನಡುಗುತ್ತಿರಲಿಲ್ಲ, ತುಟಿ ನಡುಗಿದರೆ ಉಸಿರು ಸಾಲುತ್ತಿರಲಿಲ್ಲ. ಉಳಿದ ಸದ್ದುಗಳು ಬೇಗ ಹತ್ತಿದವು, ಕೂಗಿಗೇ ನಾಲ್ಕು ದಿನ ಹಿಡಿಯಿತು. ಮಧ್ಯಾಹ್ನ ಅವನ ತಾಯಿ ರೋಶನಬಿ ರೊಟ್ಟಿ ಪಲ್ಯ ತರುತ್ತಿದ್ದಳು. ನಾಯಿ ಮುಟ್ಟಿದ ಮೈಯಲ್ಲಿ ಹೊಸಲು ದಾಟುವ ಹಾಗಿಲ್ಲ ಎಂದು ಮಗನಿಗೆ ಅವಳ ಕಟ್ಟಪ್ಪಣೆ. ಅವನು ದಿನಾ ಬಾವಿಯಲ್ಲಿ ಮಿಂದು ಬಟ್ಟೆ ಬದಲಿಸಿಯೇ ಒಳಗೆ ಹೋಗುತ್ತಿದ್ದ. ಎರಡನೆಯ ದಿನ ಅವಳು ನನ್ನನ್ನು, ಮನೆಯಲ್ಲಿ ನಿನ್ನ ಹಾದಿ ಕಾಯುವವರು ಯಾರಿದ್ದಾರಪ್ಪಾ ಎಂದು ಕೇಳಿದಳು. ಯಾರೂ ಇಲ್ಲ ಎಂದೆ. ಮರುದಿನದಿಂದ ನನ್ನ ಪಾಲಿನ ರೊಟ್ಟಿಗೆ ಒಂದು ಹೆಚ್ಚಾಯಿತು.

ಐದನೆಯ ದಿನ ಗನಿಯ ಬಾಯಿಂದ ನಮ್ಮ ಮನೆಯ ಕೂಗು ಸರಿಯಾಗಿ ಬಂತು. ಅಪ್ಪನೇ ಒಡ್ಡಿನ ಆಚೆ ನಿಂತಿದ್ದಾನೇನೋ ಎನ್ನಿಸಿತು. ರೀಟಾ ಬಾಣದಂತೆ ಬಂದಳು. ಬಂದವಳು ಗನಿಯನ್ನು ಸುತ್ತು ಹಾಕಿ, ಮೂಗು ಎತ್ತಿ, ಒಡ್ಡು ಹಾರಿ ನನ್ನ ಹತ್ತಿರ ಬಂದುಬಿಟ್ಟಳು. ಕೂಗು ಎಲ್ಲಿಂದ ಬಂದರೇನು, ಕೂಗಿದವನು ನಾನೇ ಎಂದು ಅವಳ ನಂಬಿಕೆ. ನಾಲ್ಕು ತಿಂಗಳ ನಂತರ ನೋಡುತ್ತಿದ್ದಳು. ಬಾಯಿಂದ ಸಣ್ಣಗೆ ಕುಂಯ್‌ಗುಡುತ್ತ ನನ್ನ ಕೈಯೊಳಗೆ ಮೂಗು ತುರುಕಿದಳು.

ನಾನು ಬೆನ್ನು ತಿರುಗಿಸಿದೆ. ಅವಳು ಸುತ್ತಿ ಮುಂದೆ ಬಂದಳು, ಮತ್ತೆ ತಿರುಗಿದೆ. ಬಗ್ಗಿ ಒಂದು ಸಲ ತಲೆ ಸವರಿದ್ದರೆ ಮುಗಿದುಹೋಗುತ್ತಿತ್ತು, ಹತ್ತು ದಿನದ ಲೆಕ್ಕವೂ ಅವಳ ಜೀವವೂ. ಕೈಯನ್ನು ಕಂಕುಳಲ್ಲಿ ಅಮುಕಿಕೊಂಡು ನಿಂತೆ. ಗನಿ ಮತ್ತೆ ಕೂಗಿದ, ಮತ್ತೆ ಕೂಗಿದ. ಎಷ್ಟನೆಯ ಸಲಕ್ಕೋ ಅವಳ ಉಗುರಿನ ಸದ್ದು ಕಲ್ಲಿನ ಮೇಲೆ ದೂರವಾಯಿತು. ಅವತ್ತು ನಾನು ರೊಟ್ಟಿ ಉಣ್ಣಲಿಲ್ಲ, ರೋಶನಬಿ ಯಾಕೆಂದು ಕೇಳಲೂ ಇಲ್ಲ.

ಹತ್ತನೆಯ ದಿನ ಪರೇಡ್ ಮೈದಾನದಲ್ಲಿ ಪರೀಕ್ಷೆ. ಗನಿಯ ಹುಕುಮಿಗೆ ರೀಟಾ ಕುಳಿತಳು, ನಿಂತಳು, ಒಂದು ಕರವಸ್ತ್ರದ ವಾಸನೆ ಹಿಡಿದು ಇಪ್ಪತ್ತು ಜನರಲ್ಲಿ ಅದರ ಒಡೆಯನನ್ನು ಹುಡುಕಿದಳು. ಎಲ್ಲ ಮುಗಿಯಿತು ಎನ್ನುವಾಗ ಸಾಹೇಬರಿಗೆ ಒಂದು ಅನುಮಾನ ಬಂತು. ನಾಳೆ ಯಾವುದೋ ಗದ್ದಲದಲ್ಲಿ ಸಿದ್ದರಾಯ ಕಣ್ಣಿಗೆ ಬಿದ್ದರೆ ಇದು ಜಾಡು ಬಿಟ್ಟು ಅವನ ಹಿಂದೆ ಓಡಿದರೆ ಏನು ಗತಿ ಎಂದರು. ರೀಟಾಳನ್ನು ಮೈದಾನದ ನಡುವೆ ಕೂರಿಸಿ, ಗನಿಯನ್ನು ಆ ಕಡೆ ಐವತ್ತು ಹೆಜ್ಜೆ, ನನ್ನನ್ನು ಈ ಕಡೆ ಐವತ್ತು ಹೆಜ್ಜೆ ನಿಲ್ಲಿಸಿದರು. ಸೀಟಿ ಊದಿದ ಕೂಡಲೇ ಇಬ್ಬರೂ ಕರೆಯಬೇಕು. ನಿನ್ನ ಕಡೆ ಬಂದರೆ ನಾಯಿ ಅನರ್ಹ ಎಂದು ಬರೆಯುತ್ತೇನೆ, ಮೋಸ ಮಾಡದೆ ಹಿಂದೆ ಹೇಗೆ ಕರೆಯುತ್ತಿದ್ದೆಯೋ ಹಾಗೇ ಕರೆ ಎಂದು ನನಗೆ ಎಚ್ಚರಿಕೆ ಕೊಟ್ಟರು.

ರೀಟಾ ನನ್ನನ್ನೇ ನೋಡುತ್ತಿದ್ದಳು. ಟಿಕೋಟದಲ್ಲಿ ಬೆನ್ನು ತೋರಿಸಿದವನು ಇವತ್ತು ಮುಖ ಕೊಟ್ಟು ನಿಂತಿದ್ದಾನಲ್ಲ ಎಂದು ಅವಳ ಗಿಡ್ಡ ಬಾಲ ಅಲ್ಲಾಡುತ್ತಿತ್ತು. ಸೀಟಿ ಆಯಿತು. ನನ್ನ ನಾಲಗೆ ತಾನೇ ಅಂಗುಳಕ್ಕೆ ಏರಿತು. ಅದನ್ನು ಹಲ್ಲಿನಲ್ಲಿ ಕಚ್ಚಿ ಕೆಳಗಿಳಿಸಿ, ಮೈದಾನವೆಲ್ಲ ಕೇಳುವಂತೆ, "ರೀಟಾ, ಕಮ್" ಎಂದೆ. ಬರೀ ಅಷ್ಟೆ. ಬೆಂಗಳೂರಿನ ಉಸ್ತಾದರು ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು, ಅಷ್ಟು ಶುದ್ಧ ಇಂಗ್ಲಿಷು. ಆ ಮಾತಿಗೆ ಅವಳು ಜನ್ಮದಲ್ಲೇ ಬಂದವಳಲ್ಲ ಎಂಬುದು ಅಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು.

ರೀಟಾ ತಲೆ ಓರೆ ಮಾಡಿದಳು. ಎದ್ದು ನನ್ನ ಕಡೆ ಒಂದು ಹೆಜ್ಜೆ ಇಟ್ಟು ನಿಂತಳು. ಇನ್ನೂ ಏನೋ ಬರಬೇಕು ಎಂದು ಕಾದಳು. ಆ ಕಡೆಯಿಂದ ಮೆಲ್ಲಗೆ ಎರಡು ಬಡಿತ, ಒಂದು ಎಳೆತ, ಅದರ ಬೆನ್ನಿಗೆ ಗನಿಯ "ಕಮ್". ಅವಳು ನನ್ನನ್ನು ಇನ್ನೊಮ್ಮೆ ನೋಡಿದಳು. "ರೀಟಾ, ಕಮ್" ಎಂದು ಮತ್ತೆ ಒದರಿದೆ, ಕಣ್ಣು ತುಂಬಿ ಅವಳು ಮಸುಕಾಗಿದ್ದಳು. ಅವಳು ತಿರುಗಿ ಮೊದಲು ನಡೆದಳು, ಆಮೇಲೆ ಓಡಿದಳು, ಹೋಗಿ ಗನಿಯ ಬೂಟಿನ ಮೇಲೆ ಕುಳಿತಳು. ಸಾಹೇಬರು ಖುಷಿಯಿಂದ ಕಾಗದಕ್ಕೆ ಸಹಿ ಹಾಕಿದರು. ಗನಿ ನನ್ನ ಕಡೆ ನೋಡಿ ಸೆಲ್ಯೂಟ್ ಹೊಡೆದ, ಹತ್ತಿರ ಬರಲಿಲ್ಲ. ಹಾಗೆ ಬರದೆ ಇದ್ದದ್ದಕ್ಕೆ ಅವನನ್ನು ಇವತ್ತಿಗೂ ನೆನೆಯುತ್ತೇನೆ.

ಇದಾಗಿ ಎರಡು ವರ್ಷ. ರೀಟಾ ಗನಿಯ ಜೊತೆ ಕೆಲಸ ಮಾಡುತ್ತಿದ್ದಾಳೆ, ಹೆಸರೂ ಮಾಡಿದ್ದಾಳೆ. ಜೊತೆಯ ಪೊಲೀಸರು ಇವತ್ತಿಗೂ ನನ್ನನ್ನು ಕಾಡಿಸುತ್ತಾರೆ. ಆರು ವರ್ಷ ಉಣ್ಣಿಸಿದವನು ಕರೆದರೆ ತಿರುಗಿಯೂ ನೋಡಲಿಲ್ಲ, ನಾಯಿಯ ನಿಯತ್ತು ಅಂದರೆ ಇಷ್ಟೇನಾ ಎನ್ನುತ್ತಾರೆ. ನಾನು ಹೌದೆನ್ನುತ್ತೇನೆ.

ಅವರ ಮಾತು ನನಗೆ ನೋವು ಮಾಡುವುದಿಲ್ಲ. ನೋವು ಬೇರೆಯದು. ಅವತ್ತು ನಾನು ನಮ್ಮ ಕೂಗನ್ನೇ ಕೂಗಿದ್ದರೆ ಅವಳು ನನ್ನ ಕಡೆ ಬರುತ್ತಿದ್ದಳೋ, ಇಲ್ಲ, ಅಷ್ಟು ಹೊತ್ತಿಗೆ ಗನಿಯವಳೇ ಆಗಿಬಿಟ್ಟಿದ್ದಳೋ, ಅದು ನನಗೆ ಗೊತ್ತಿಲ್ಲ. ತಿಳಿಯಬೇಕೆಂದರೆ ಒಂದು ಸಲ ಕೂಗಿದರೆ ಸಾಕು, ಗೋಡೆಯ ಆಚೆ ನೂರು ಹೆಜ್ಜೆ ದೂರದಲ್ಲಿದ್ದಾಳೆ, ಬೊಗಳುವುದು ದಿನಾ ಕೇಳುತ್ತದೆ. ಕೂಗುವುದಿಲ್ಲ.